ಎಂಜಿನ್ ಬದಲಾಯಿತು, ನಡುಕ ಬಿಡಲಿಲ್ಲ

ಅಡಿಗೆ, ಆರೋಗ್ಯ, ಮಕ್ಕಳ ವಿದ್ಯಾಭ್ಯಾಸ, ಊರಿನ ಸುದ್ದಿ, ಇವುಗಳ ನಡುವೆ ಮೋಟಾರಿನ ಎಂಜಿನ್ನಿಗೆ ಏನು ಕೆಲಸ ಎಂದು ಕೆಲವು ವಾಚಕ ಮಹನೀಯರು ಹುಬ್ಬೇರಿಸಬಹುದು. ಆದರೆ ನಮ್ಮ ಸಂಘದ ಕುಟುಂಬಗಳಲ್ಲಿ ಗಾಡಿಯ ಚಕ್ರ ತಿರುಗಿದರೆ ಮಾತ್ರ ಮನೆಯ ಒಲೆ ಉರಿಯುವವು ಹಲವಿವೆ. ಫೋರ್ಟಿನ ಕಚೇರಿಗಳಿಗೆ ತಿಂಡಿ ಒದಗಿಸುವವರು, ಹೋಟೆಲಿಗೆ ತರಕಾರಿ ತರುವವರು, ಶಾಲೆಯ ಮಕ್ಕಳನ್ನು ಕರೆದೊಯ್ಯುವವರು, ಟೂರಿಸ್ಟ್ ಕಾರು ಇಟ್ಟುಕೊಂಡವರು, ಇವರಿಗೆಲ್ಲ ಎಂಜಿನ್ ಎಂಬುದು ಮನೆಯಲ್ಲಿ ದುಡಿಯುವ ಇನ್ನೊಂದು ಜೀವವಿದ್ದಂತೆ. ಅದಕ್ಕೆ ಕಾಯಿಲೆಯಾದರೆ ಮನೆಮಂದಿಗೆಲ್ಲ ಚಿಂತೆ. ಆದ್ದರಿಂದ ಈ ಸಂಚಿಕೆಯಲ್ಲಿ ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಎತ್ತಿಕೊಳ್ಳಲು ಕಾರಣ ಒಂದು ಕಾಗದ. ಬರೆದವರು ಗಾಡಿ ಓಡಿಸುವವರಲ್ಲ. ಗಾಡಿಯ ಲೆಕ್ಕ ಬರೆಯುವ ಸಹೋದರಿ. ಅವರ ಮನೆಯಲ್ಲಿ ಬೆಳಗ್ಗೆ ಮೂರಕ್ಕೆ ಎದ್ದು ಇಡ್ಲಿ, ಉಪ್ಪಿಟ್ಟು, ಚಟ್ನಿ ಮಾಡಿ, ಏಳೂವರೆಯೊಳಗೆ ಫೋರ್ಟಿನ ಬೋರಾ ಬಜಾರ್ ಮತ್ತು ಬಲ್ಲಾರ್ಡ್ ಎಸ್ಟೇಟಿನ ಕಚೇರಿಗಳಿಗೆ ಮುಟ್ಟಿಸುತ್ತಾರೆ. ಮೈದುನ ವ್ಯಾನು ಓಡಿಸುತ್ತಾನೆ. ಕಳೆದ ಮಳೆಗಾಲದಲ್ಲಿ ಹಿಂದ್‌ಮಾತಾದ ನೀರಿನಲ್ಲಿ ಗಾಡಿ ನಿಂತುಹೋಯಿತು. ಎಂಜಿನ್ ಒಡೆದಿದೆ, ರಿಪೇರಿಗಿಂತ ಹಳೆಯದೊಂದು ಎಂಜಿನ್ ತಂದು ಕೂಡಿಸುವುದೇ ಲಾಭ ಎಂದು ಗ್ಯಾರೇಜಿನವರು ಹೇಳಿದರು, ಹಾಗೆಯೇ ಮಾಡಿದರು. ಎಂಜಿನ್ ಬಂತು, ಕೂತಿತು, ಚಾಲೂ ಆಯಿತು. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ಮಲೇರಿಯ ಬಂದವರಂತೆ ನಡುಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿಯುತ್ತದೆ, ಹುತಾತ್ಮಾ ಚೌಕದ ತಿರುವಿನಲ್ಲಿ ಎರಡು ಸಲ ನಿಂತೇಹೋಯಿತು. "ಸೆನ್ಸರ್ ಹೋಗಿದೆ" ಎಂದರು. ಒಂದು ಸೆನ್ಸರ್ ಹಾಕಿಸಿದರು. ವಾರ ಕಳೆದು "ಇನ್ನೊಂದು ಹೋಗಿದೆ" ಎಂದರು, ಅದನ್ನೂ ಹಾಕಿಸಿದರು. ಮೂರನೆಯ ಸಲ "ಕಂಪ್ಯೂಟರೇ ಹೋಗಿದೆ" ಎಂದಾಗ ಈ ಸಹೋದರಿ ಲೆಕ್ಕದ ಪುಸ್ತಕ ಮುಚ್ಚಿ ನಮಗೆ ಕಾಗದ ಬರೆದರು. ಅಷ್ಟರಲ್ಲಿ ಸಾಲದ ಎರಡು ಕಂತಿನಷ್ಟು ಹಣ ಸೆನ್ಸರಿಗೇ ಹೋಗಿತ್ತು. ಅವರು ಕೇಳಿದ್ದು ಒಂದೇ ಮಾತು: "ಒಂದು ಎಂಜಿನ್ ಬದಲಾಯಿಸಿದರೆ ಇಷ್ಟು ಸೆನ್ಸರುಗಳು ಒಟ್ಟಿಗೆ ಕೆಡುವುದುಂಟೆ?"

ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಇಷ್ಟು ಸೆನ್ಸರುಗಳು ಒಟ್ಟಿಗೆ ಕೆಡುವುದು ಬಹಳ ಅಪರೂಪ.

ಅದನ್ನು ಬಿಡಿಸಿ ಹೇಳುವ ಮುನ್ನ ಸ್ವಲ್ಪ ಹಿಂದಿನ ಕಾಲಕ್ಕೆ ಹೋಗಬೇಕು. ಫೋರ್ಟಿನ ಬೀದಿಗಳಲ್ಲಿ ನಡೆದಾಡಿದವರಿಗೆ ಕಪ್ಪು-ಹಳದಿ ಫಿಯಟ್ ಟ್ಯಾಕ್ಸಿಯ ಪರಿಚಯ ಮಾಡಿಕೊಡಬೇಕಾದ್ದಿಲ್ಲ. ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾಗಿ, 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದ ಆ ಗಾಡಿಯ ಎಂಜಿನ್ 1089 ಸಿ.ಸಿ.ಯದು. ಒಂದು ಕಾರ್ಬ್ಯುರೇಟರ್, ಒಂದು ಡಿಸ್ಟ್ರಿಬ್ಯೂಟರ್, ನಾಲ್ಕು ಪ್ಲಗ್ಗು, ಇಷ್ಟೇ ಅದರ ಸಂಸಾರ. ಸೆನ್ಸರ್ ಎಂಬ ಮಾತೇ ಇಲ್ಲ. ಎಂಜಿನ್ ಕುಂಟಿದರೆ ಮಿಸ್ತ್ರಿ ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಿದ್ದ. ಯಾವುದನ್ನು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಮಲಗಿದೆ ಎಂದು ಅರ್ಥ. ಸ್ಕ್ರೂ ಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದು ತುದಿಯನ್ನು ಕಿವಿಗೂ ಒತ್ತಿ, ವೈದ್ಯರು ನಾಡಿ ನೋಡಿದಂತೆ ನೋಡುತ್ತಿದ್ದ. ಎಂಜಿನ್ ಬದಲಾಯಿಸುವುದೂ ಆಗ ಸುಲಭ. ಇಳಿಸು, ಏರಿಸು, ಟೈಮಿಂಗ್ ಕೂಡಿಸು, ಚಾಯ್ ಕುಡಿ. ಎಷ್ಟೋ ಟ್ಯಾಕ್ಸಿಗಳು ಒಂದೇ ಜನ್ಮದಲ್ಲಿ ಪೆಟ್ರೋಲನ್ನೂ ಡೀಸೆಲನ್ನೂ ಕಂಡವು. ಬಳಿಕ, ಇದೇ ಫೋರ್ಟಿನ ಹೈಕೋರ್ಟಿನಲ್ಲಿ ವಾಯುಮಾಲಿನ್ಯದ ವಿಚಾರಣೆ ನಡೆದು, 2000ದ ನಂತರದ ಕೆಲವು ವರ್ಷಗಳಲ್ಲಿ ಹಳೆಯ ಟ್ಯಾಕ್ಸಿಗಳು ಸಿ.ಎನ್.ಜಿ. ಗ್ಯಾಸಿಗೆ ತಿರುಗಿದವು. ಕಡೆಯ ಪದ್ಮಿನಿ ಟ್ಯಾಕ್ಸಿ ತಾರ್ದೇವ್ ಆರ್.ಟಿ.ಒ.ದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಲ್ಲಿ 20 ವರ್ಷದ ಆಯುಸ್ಸು. ಆದ್ದರಿಂದ 2023ರ ಅಕ್ಟೋಬರ್ 30ರಿಂದ ಅವು ಟ್ಯಾಕ್ಸಿಯಾಗಿ ಓಡುವುದು ನಿಂತಿತು.

ಗಾಡಿಗಳು ಹೋದವು, ಆ ಗಾಡಿಗಳ ಮೇಲೆ ಕೈ ಪಳಗಿಸಿಕೊಂಡ ಮಿಸ್ತ್ರಿಗಳು ಹಾಗೂ ಅವರ ಶಿಷ್ಯರು ಉಳಿದರು. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವರ ಕೈಯಲ್ಲಿ ಇರುವ ಬೆಡಗು ಪುಸ್ತಕ ಓದಿದವರಿಗೆ ಬಾರದು. ಆದರೆ 2000ದಿಂದೀಚೆಗೆ ಹೊಗೆಯ ನಿಯಮಗಳು ಬಿಗಿಯಾದಂತೆಲ್ಲ ಕಾರ್ಬ್ಯುರೇಟರ್ ಮರೆಯಾಗಿ ಇಂಜೆಕ್ಟರ್ ಬಂತು, ಅದರೊಡನೆ ಒಂದು ಸಣ್ಣ ಕಂಪ್ಯೂಟರ್ ಬಂತು, ಆ ಕಂಪ್ಯೂಟರಿಗೆ ಕಣ್ಣು ಕಿವಿ ಮೂಗುಗಳಾಗಿ ಸೆನ್ಸರುಗಳು ಬಂದವು. ಎಂಜಿನ್ ಇಳಿಸಿ ಏರಿಸುವ ಕೆಲಸ ಹಿಂದಿನಂತೆಯೇ ಕಾಣುತ್ತದೆ. ಆದರೆ ಈಗ ಒಂದು ಎಂಜಿನ್ ಇಳಿಸಬೇಕಾದರೆ ಹತ್ತಿಪ್ಪತ್ತು ಕಪ್ಲರುಗಳನ್ನು ಬಿಚ್ಚಬೇಕು; ಏರಿಸಿದ ಮೇಲೆ ಅವನ್ನೆಲ್ಲ ಮರಳಿ ಅದದೇ ಜಾಗಕ್ಕೆ ಸಿಕ್ಕಿಸಬೇಕು. ತೊಂದರೆ ಹುಟ್ಟುವುದು ಅಲ್ಲಿ.

ಈ ಕಂಪ್ಯೂಟರ್ ಏನು ಮಾಡುತ್ತದೆ ಎಂಬುದನ್ನು ಯಕ್ಷಗಾನ ನೋಡಿದವರಿಗೆ ಹೇಳುವುದು ಸುಲಭ. ಅದು ಭಾಗವತರಿದ್ದಂತೆ. ಭಾಗವತರು ಕುಣಿಯುವುದಿಲ್ಲ, ಆದರೆ ಯಾವ ಹೆಜ್ಜೆ ಯಾವಾಗ ಬೀಳಬೇಕೆಂಬುದು ಅವರ ಕೈಯಲ್ಲಿದೆ. ಎಂಜಿನ್ನಿನಲ್ಲಿ ತಾಳ ಕೊಡುವುದು ಕ್ರ್ಯಾಂಕ್ ಸೆನ್ಸರ್. ಕ್ರ್ಯಾಂಕಿನೊಡನೆ ತಿರುಗುವ ಒಂದು ಹಲ್ಲುಚಕ್ರವಿರುತ್ತದೆ. ಅನೇಕ ಗಾಡಿಗಳಲ್ಲಿ 60 ಹಲ್ಲುಗಳ ಜಾಗದಲ್ಲಿ 58 ಮಾತ್ರ ಇಟ್ಟು ಎರಡನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗ ಸೆನ್ಸರಿನ ಮುಂದೆ ಹಾದುಹೋದಾಗ, "ಇಗೋ, ಒಂದು ಆವರ್ತ ಮುಗಿಯಿತು" ಎಂದು ಕಂಪ್ಯೂಟರಿಗೆ ತಿಳಿಯುತ್ತದೆ. ನಿಂತ ಗಾಡಿಯ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೂ ಸೆಕೆಂಡಿಗೆ ಹದಿಮೂರು ಆವರ್ತಗಳಾದವು. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಅಷ್ಟರಲ್ಲಿ ಇಪ್ಪತ್ತಾರು ಇಪ್ಪತ್ತೇಳು ಸಲ ಕಿಡಿ ಬೀಳಬೇಕು, 1-3-4-2 ಎಂಬ ಕ್ರಮ ತಪ್ಪದಂತೆ. ಇದು ತಾಳ. ಇನ್ನು ಎಷ್ಟು ಗಾಳಿ ಒಳಬಂತು, ನೀರು ಎಷ್ಟು ಬಿಸಿಯಾಗಿದೆ, ಚಾಲಕ ಆಕ್ಸಿಲರೇಟರ್ ಎಷ್ಟು ತುಳಿದ, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ, ಇವನ್ನು ಹೇಳಲು ಬೇರೆ ಬೇರೆ ಸೆನ್ಸರುಗಳಿವೆ. ಎಲ್ಲರ ಮಾತನ್ನೂ ಕೇಳಿ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಸೇರುವಂತೆ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಡಿಕಾಕ್ಷನ್ನಿಗೆ ಹಾಲು ಬೆರೆಸುವ ಹದವೇ ಅದು.

ಈಗ ಮುಖ್ಯವಾದ ಮಾತು. ಸೆನ್ಸರ್ ದೂರು ಹೇಳುವವನು, ಕಳ್ಳನಲ್ಲ. ಸ್ಕ್ಯಾನರ್ ಹಚ್ಚಿದಾಗ ಅದರ ಪರದೆಯ ಮೇಲೆ ಒಂದು ಸಂಕೇತ ಮೂಡುತ್ತದೆ. ಪಿ 0335 ಎಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ. ಪಿ 0171 ಎಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ. ಪಿ 0300 ಎಂದರೆ ಎಲ್ಲೆಂದರಲ್ಲಿ ಮಿಸ್ಸಿಂಗ್. ಮೊದಲನೆಯದರಲ್ಲಿ "ಸರ್ಕ್ಯೂಟ್" ಎಂಬ ಪದವನ್ನು ಗಮನಿಸಬೇಕು. ಸೆನ್ಸರ್, ಅದರ ವಯರು, ಕಪ್ಲರು, ಅರ್ಥಿಂಗ್, ಎದುರಿನ ಹಲ್ಲುಚಕ್ರ, ಇಷ್ಟೂ ಸೇರಿದ ದಾರಿಯಲ್ಲಿ ಎಲ್ಲೋ ತೊಡಕಿದೆ ಎಂದಷ್ಟೇ ಅದು ಹೇಳುತ್ತಿದೆ. ಬಾಗಿಲ ಗಂಟೆ ಬಾರಿಸಲಿಲ್ಲವೆಂದು ಗಂಟೆಯನ್ನೇ ಕೊಂಡು ತರುವವರುಂಟೆ? ಆದರೆ ಗಾಡಿಯ ವಿಷಯದಲ್ಲಿ ದಿನವೂ ಅದೇ ನಡೆಯುತ್ತಿದೆ. ಸ್ಕ್ಯಾನರಿನಲ್ಲಿ ಯಾರ ಹೆಸರು ಬಂತೋ ಅವನನ್ನು ಕಿತ್ತು ಹೊಸಬನನ್ನು ಕೂಡಿಸುತ್ತಾರೆ. ದೂರು ಹಾಗೆಯೇ ಉಳಿಯುತ್ತದೆ.

ಅದರಲ್ಲೂ ಎಂಜಿನ್ ಬದಲಾದ ಗಾಡಿಯಲ್ಲಿ ವಿಚಾರಣೆಯ ದಾರಿಯೇ ಬೇರೆ. ವರ್ಷಗಟ್ಟಲೆ ಓಡಿದ ಗಾಡಿ ಒಂದು ದಿನ ಕುಂಟಿದರೆ, ಸವೆದದ್ದು ಯಾವುದು ಎಂದು ಹುಡುಕಬೇಕು. ಮೊನ್ನೆ ಬಿಚ್ಚಿ ಕಟ್ಟಿದ ಗಾಡಿ ಕುಂಟಿದರೆ, ಕೈ ತಾಗಿದ್ದು ಎಲ್ಲೆಲ್ಲಿ ಎಂದು ಹುಡುಕಬೇಕು. ಬಿಚ್ಚಿದ ಜಾಗದಲ್ಲೇ ದೋಷ ಕೂತಿರುವ ಸಂಭವ ಹೆಚ್ಚು.

ಆ ಸಹೋದರಿಯ ವ್ಯಾನನ್ನು ನೋಡಲು ಒಂದು ಭಾನುವಾರ ಹೋದೆವು. ಭಾನುವಾರ ಬಲ್ಲಾರ್ಡ್ ಎಸ್ಟೇಟಿನ ಬೀದಿಗಳು ಬಣಗುಡುತ್ತವೆ. ಬೋನೆಟ್ ಎತ್ತಿ ನಿಂತರೆ ಹಾರ್ನ್ ಬಾರಿಸುವವರಿಲ್ಲ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮೊಡನೆ ಬರಲೊಪ್ಪಿದರು. ಅವರ ಕೈಚೀಲದಲ್ಲಿ ಇದ್ದದ್ದು ಒಂದು ಮಲ್ಟಿಮೀಟರ್, ಒಂದು ಸಣ್ಣ ಸ್ಕ್ಯಾನರ್, ಒಂದು ಸ್ಯಾಂಡ್‌ಪೇಪರಿನ ತುಂಡು. ಮೈದುನ ಸೆಲ್ಫ್ ಹೊಡೆಯಲು ಹೊರಟಾಗ ಹಿರಿಯರು ತಡೆದು, "ಸ್ವಲ್ಪ ನಿಲ್ಲು ಮಗಾ, ಮೊದಲು ಅದು ಸುಮ್ಮನಿದ್ದಾಗ ಏನು ಹೇಳುತ್ತದೆ ನೋಡೋಣ" ಎಂದರು.

ಈ ಮಾತಿನ ಅರ್ಥ ನಮಗೆ ಆಮೇಲೆ ತಿಳಿಯಿತು. ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿಯಲ್ಲಿ, ಎಂಜಿನ್ ಚಾಲೂ ಮಾಡದೆ ಬರಿಯ ಕೀಲಿ ತಿರುಗಿಸಿ ಸ್ಕ್ಯಾನರ್ ನೋಡಿದರೆ, ಎಂಜಿನ್ ನೀರಿನ ಉಷ್ಣತೆಯೂ ಒಳಹೋಗುವ ಗಾಳಿಯ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 29 ಡಿಗ್ರಿ, ಇನ್ನೊಂದು 30 ಎಂದಿದ್ದರೆ ಎರಡೂ ಸುಳ್ಳು ಹೇಳುತ್ತಿಲ್ಲ. ಒಂದು ಮಾತ್ರ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ತೋರಿಸಿದರೆ ಮುಂಬಯಿಯಲ್ಲಿ ಹಿಮ ಬಿದ್ದಿಲ್ಲ. ಆ ಸೆನ್ಸರಿನ ದಾರಿ ಎಲ್ಲೋ ಕಡಿದಿದೆ. ಕಪ್ಲರನ್ನು ಸಿಕ್ಕಿಸುವುದು ಮರೆತಿದ್ದರೂ ಹೀಗೆಯೇ ಆಗುತ್ತದೆ. ಹಾಗೆಯೇ, ಒಳಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್. ಎಂಜಿನ್ ನಿಂತಿರುವಾಗ ಅದು ಹೊರಗಿನ ಹವೆಯ ಒತ್ತಡವನ್ನೇ ತೋರಿಸಬೇಕು. ಫೋರ್ಟ್ ಸಮುದ್ರದ ಮಟ್ಟದಲ್ಲೇ ಇರುವುದರಿಂದ ಇಲ್ಲಿ ಅದು ಸುಮಾರು 100 ಕಿಲೋಪ್ಯಾಸ್ಕಲ್. ಚಾಲೂ ಮಾಡಿ ಸುಮ್ಮನೆ ಬಿಟ್ಟಾಗ 30ರಿಂದ 40ಕ್ಕೆ ಇಳಿಯಬೇಕು. ಒಂದು ಪೈಸೆ ಖರ್ಚಿಲ್ಲದೆ ಎರಡು ಮೂರು ಸೆನ್ಸರುಗಳ ಸತ್ಯಾಸತ್ಯ ಐದು ನಿಮಿಷದಲ್ಲಿ ತಿಳಿಯುವ ದಾರಿ ಇದು.

ಸುಮ್ಮನಿದ್ದಾಗ ವ್ಯಾನು ನಿಜವನ್ನೇ ಹೇಳಿತು. ಉಷ್ಣತೆ ಸರಿ, ಒತ್ತಡ ಸರಿ. ಆಗ ಹಿರಿಯರು, "ಈಗ ಸೆಲ್ಫ್ ಹೊಡಿ" ಎಂದರು. ಸೆಲ್ಫ್ ಹೊಡೆದ ಕ್ಷಣದಲ್ಲಿ ಸ್ಕ್ಯಾನರಿನ ಅಂಕೆಗಳು ಹುಚ್ಚೆದ್ದು ಕುಣಿದವು. ನಾಲ್ಕಾರು ಸಲ ಹೊಡೆಸಿ, ಬಳಿಕ ಅವರು ಕ್ಲಚ್ ಕೇಬಲಿಗೆ ಕೈ ತಾಗಿಸಿ ಥಟ್ಟನೆ ಹಿಂದೆಗೆದುಕೊಂಡರು. ಕೇಬಲ್ ಬಿಸಿಯಾಗಿತ್ತು.

ಕ್ಲಚ್ ಕೇಬಲಿಗೂ ವಿದ್ಯುತ್ತಿಗೂ ಏನು ಸಂಬಂಧ? ಇರಕೂಡದು. ಸೆಲ್ಫ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಹೋದ ವಿದ್ಯುತ್ತು ಬ್ಯಾಟರಿಗೆ ಹಿಂದಿರುಗಬೇಕು. ಎಂಜಿನ್ ರಬ್ಬರಿನ ಮೌಂಟಿಂಗ್ ಮೇಲೆ ಕೂತಿರುವುದರಿಂದ ಬಾಡಿಯೊಡನೆ ಅದಕ್ಕೆ ಲೋಹದ ನಂಟಿಲ್ಲ. ಅದಕ್ಕಾಗಿಯೇ ತಾಮ್ರದ ಎಳೆಗಳಿಂದ ಜಡೆಯಂತೆ ಹೆಣೆದ ಒಂದು ಅರ್ಥ್ ಪಟ್ಟಿಯನ್ನು ಎಂಜಿನ್ನಿನಿಂದ ಬಾಡಿಗೆ ಕಟ್ಟಿರುತ್ತಾರೆ. ಆ ಪಟ್ಟಿ ಇಲ್ಲದಿದ್ದರೆ ವಿದ್ಯುತ್ತು ಸಿಕ್ಕಿದ ದಾರಿ ಹಿಡಿಯುತ್ತದೆ: ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಸೆನ್ಸರುಗಳ ತೆಳ್ಳಗಿನ ಅರ್ಥ್ ವಯರು. ದೊಡ್ಡ ರಸ್ತೆ ಮುಚ್ಚಿದಾಗ ಫೋರ್ಟಿನ ವಾಹನಗಳೆಲ್ಲ ಗಲ್ಲಿಗಳಲ್ಲಿ ನುಗ್ಗುವಂತೆ. ಸೆನ್ಸರುಗಳು ಮಾತಾಡುವುದು ಸೊನ್ನೆಯಿಂದ ಐದು ವೋಲ್ಟಿನೊಳಗೆ. ಆಕ್ಸಿಜನ್ ಸೆನ್ಸರಂತೂ ಒಂದು ವೋಲ್ಟಿಗಿಂತ ಕಡಿಮೆಯಲ್ಲಿ. ಅರ್ಥಿನಲ್ಲೇ ಒಂದು ವೋಲ್ಟ್ ಏರುಪೇರಾದರೆ ಎಲ್ಲರ ಮಾತೂ ತಪ್ಪಾಗಿ ಕೇಳಿಸುತ್ತದೆ. ಆಗ ಸ್ಕ್ಯಾನರಿನಲ್ಲಿ ಇವತ್ತು ಒಬ್ಬನ ಹೆಸರು, ನಾಳೆ ಇನ್ನೊಬ್ಬನದು.

ವ್ಯಾನಿನ ಅಡಿಗೆ ಇಣುಕಿ ನೋಡಿದಾಗ ಪಟ್ಟಿ ಬಾಡಿಯ ಕಡೆ ಮಾತ್ರ ಇತ್ತು. ಇನ್ನೊಂದು ತುದಿ ಗೇರ್ ಬಾಕ್ಸಿನ ಪಕ್ಕದಲ್ಲಿ ಅನಾಥವಾಗಿ ನೇತಾಡುತ್ತಿತ್ತು. ಎಂಜಿನ್ ಇಳಿಸುವಾಗ ಬಿಚ್ಚಿದ ಬೋಲ್ಟನ್ನು ಏರಿಸುವಾಗ ಯಾರೂ ನೆನೆಯಲಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವಿಗೂ ಹಿಡಿದು ಸೆಲ್ಫ್ ಹೊಡೆದರೆ 0.2 ವೋಲ್ಟಿನ ಆಸುಪಾಸಿಗಿಂತ ಹೆಚ್ಚು ತೋರಿಸಬಾರದು. ಇಲ್ಲಿ ಅದು ಎರಡನ್ನು ದಾಟಿತು. ಹಿರಿಯರು ಸ್ಯಾಂಡ್‌ಪೇಪರಿನಿಂದ ಬಣ್ಣ, ತುಕ್ಕು ಉಜ್ಜಿ, ಪಟ್ಟಿ ಕಟ್ಟಿ ಬಿಗಿದರು. ಮತ್ತೆ ಸೆಲ್ಫ್ ಹೊಡೆದಾಗ ಅಂಕೆಗಳು ಮರ್ಯಾದಸ್ಥರಂತೆ ನಿಂತವು. ಕಂಪ್ಯೂಟರೇ ಹೋಗಿದೆ ಎಂಬ ತೀರ್ಪಿನ ಗತಿ ಅಲ್ಲಿಗೆ ಮುಗಿಯಿತು.

ಆದರೆ ನಡುಕ ಪೂರ್ತಿ ಹೋಗಲಿಲ್ಲ. ಇದನ್ನು ಬರೆಯಲೇಬೇಕು, ಏಕೆಂದರೆ ಒಂದು ದೋಷ ಸಿಕ್ಕಿದ ಸಂತೋಷದಲ್ಲಿ ಎರಡನೆಯದನ್ನು ಹುಡುಕದೆ ಬಿಡುವವರು ಬಹಳ. ಸ್ಕ್ಯಾನರಿನಲ್ಲಿ ಈಗ ಎರಡೇ ಸಂಕೇತ ಉಳಿದವು. ಪೆಟ್ರೋಲ್ ಕಡಿಮೆ ಎಂಬ ಪಿ 0171, ಮತ್ತು ನಾಲ್ಕನೆಯ ಸಿಲಿಂಡರಿನ ಮಿಸ್ಸಿಂಗ್ ಸೂಚಿಸುವ ಪಿ 0304. ಮೈದುನನಿಗೆ ಇದು ಒಗಟಾಯಿತು. "ಹೊಗೆಯಲ್ಲಿ ಪೆಟ್ರೋಲಿನ ವಾಸನೆ ಹೊಡೆಯುತ್ತಿದೆ, ಇದು ಕಡಿಮೆ ಎನ್ನುತ್ತದಲ್ಲ ಅಂಕಲ್! ಹೊಸ ಆಕ್ಸಿಜನ್ ಸೆನ್ಸರೂ ಕೆಟ್ಟಿತೇ?"

ಕೆಟ್ಟಿರಲಿಲ್ಲ. ಆಕ್ಸಿಜನ್ ಸೆನ್ಸರಿನ ಮೂಗಿಗೆ ಪೆಟ್ರೋಲಿನ ವಾಸನೆ ತಿಳಿಯದು. ಅದರ ಹೆಸರೇ ಹೇಳುವಂತೆ ಅದು ಬಲ್ಲದ್ದು ಆಮ್ಲಜನಕವನ್ನು ಮಾತ್ರ. ಒಂದು ಸಿಲಿಂಡರಿನಲ್ಲಿ ಬೆಂಕಿ ಹತ್ತದಿದ್ದರೆ ಅಲ್ಲಿಯ ಪೆಟ್ರೋಲೂ ಉರಿಯುವುದಿಲ್ಲ, ಗಾಳಿಯಲ್ಲಿರುವ ಆಮ್ಲಜನಕವೂ ಖರ್ಚಾಗುವುದಿಲ್ಲ. ಎರಡೂ ಹೊಗೆಯ ಕೊಳವೆಗೆ ಬರುತ್ತವೆ. ಪೆಟ್ರೋಲು ನಮ್ಮ ಮೂಗಿಗೆ ತಿಳಿಯುತ್ತದೆ, ಆಮ್ಲಜನಕ ಅದರ ಮೂಗಿಗೆ. ಅದು "ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ" ಎಂದು ವರದಿ ಮಾಡುತ್ತದೆ. ಕಂಪ್ಯೂಟರ್ ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಗಾಡಿ ಕುಡಿಯುವುದು ಹೆಚ್ಚುತ್ತದೆ, ಓಡುವುದು ಕಡಿಮೆಯಾಗುತ್ತದೆ. ಸೆನ್ಸರ್ ಸತ್ಯವಂತನೇ. ನಾಲ್ಕನೆಯ ಸಿಲಿಂಡರ್ ಏಕೆ ಉರಿಯುತ್ತಿಲ್ಲ ಎಂಬುದು ಪ್ರಶ್ನೆ.

ಇದಕ್ಕೆ ಕ್ರಮವೊಂದಿದೆ. ಮೊದಲು ನಾಲ್ಕನೆಯದರ ಪ್ಲಗ್ಗು ಮತ್ತು ಕಾಯಿಲನ್ನು ಒಂದನೆಯದಕ್ಕೂ, ಒಂದನೆಯದರದನ್ನು ನಾಲ್ಕನೆಯದಕ್ಕೂ ಹಾಕಿ ನೋಡಬೇಕು. ದೋಷ ಅವುಗಳೊಡನೆ ಒಂದನೆಯದಕ್ಕೆ ಹೋದರೆ ಕಳ್ಳ ಸಿಕ್ಕಿದ. ಹೋಗದಿದ್ದರೆ ಹೊಸ ಪ್ಲಗ್ಗು ಕೊಂಡು ಫಲವಿಲ್ಲ. ಇಲ್ಲಿ ದೋಷ ಕದಲಲಿಲ್ಲ. ಬಳಿಕ ಕಂಪ್ರೆಷನ್. ಒಳ್ಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಹತ್ತರಿಂದ ಹದಿಮೂರು ಕಿಲೋ ಒತ್ತಡವಿರುತ್ತದೆ. ಸಿಲಿಂಡರ್ ಸಿಲಿಂಡರಿಗೆ ಒಂದು ಕಿಲೋಗಿಂತ ಹೆಚ್ಚು ಅಂತರ ಇರಬಾರದು. ಹಳೆಯ ಎಂಜಿನ್ ಕೊಳ್ಳುವಾಗ ಈ ಪರೀಕ್ಷೆಯನ್ನು ಕೊಳ್ಳುವ ಮುಂಚೆಯೇ ಮಾಡಿಸಬೇಕು. ಕೂಡಿಸಿದ ಮೇಲೆ ಮಾಡಿಸುವುದು ತಾಳಿ ಕಟ್ಟಿದ ಮೇಲೆ ಜಾತಕ ನೋಡಿದಂತೆ. ಪುಣ್ಯಕ್ಕೆ ಈ ಎಂಜಿನ್ನಿನ ನಾಲ್ಕೂ ಸರಿಯಾಗಿದ್ದವು. ಉಳಿದದ್ದು ಗಾಳಿಯ ಸೋರಿಕೆ. ಒಳಗಾಳಿಯ ಕೊಳವೆಗಳು ಎಂಜಿನ್ನಿಗೆ ಕೂಡುವ ಜಾಗದಲ್ಲಿ ಒಂದು ಗ್ಯಾಸ್ಕೆಟ್ ಇರುತ್ತದೆ. ಎಂಜಿನ್ ಬದಲಾಯಿಸಿದಾಗ ಹೊಸದು ಹಾಕಬೇಕಾದ್ದನ್ನು ಹಳೆಯದನ್ನೇ ಪೇಸ್ಟ್ ಹಚ್ಚಿ ಕೂಡಿಸಿದ್ದರು. ನಾಲ್ಕನೆಯದರ ಬಳಿ ಅದು ಹರಿದಿತ್ತು. ಆ ಬಿರುಕಿನಿಂದ ಗಾಳಿ ನೇರ ಆ ಸಿಲಿಂಡರಿಗೆ ನುಗ್ಗಿ, ಅದರ ಪಾಲಿನ ಮಿಶ್ರಣ ತೆಳ್ಳಗಾಗಿ, ಕಿಡಿ ಬಿದ್ದರೂ ಹತ್ತುತ್ತಿರಲಿಲ್ಲ.

ಸೋರಿಕೆ ಹುಡುಕಲು ಪೆಟ್ರೋಲನ್ನೋ ಸ್ಪ್ರೇಯನ್ನೋ ಎಂಜಿನ್ ಮೇಲೆ ಹೊಡೆದು ಸದ್ದು ಬದಲಾಗುವುದನ್ನು ನೋಡುವ ರೂಢಿ ನಮ್ಮ ಗ್ಯಾರೇಜುಗಳಲ್ಲಿದೆ. ಬಿಸಿ ಎಂಜಿನ್, ಪಕ್ಕದಲ್ಲೇ ಗ್ಯಾಸಿನ ಕೊಳವೆ! ನಿಮ್ಮ ಗಾಡಿಗೆ ಹಾಗೆ ಮಾಡಲು ಬಿಡಬೇಡಿ. ಕೊಳವೆಗೆ ಹೊಗೆ ತುಂಬಿಸಿ ಎಲ್ಲಿಂದ ಹೊರಬರುತ್ತದೆಂದು ನೋಡುವ ಯಂತ್ರ ಈಗ ಅನೇಕ ಕಡೆ ಇದೆ. ವ್ಯಾನಿಗೆ ಮರುದಿನ ಅದನ್ನೇ ಮಾಡಿಸಿದ್ದು. ಗ್ಯಾಸ್ಕೆಟ್ ಬಂತು, ನಡುಕ ಹೋಯಿತು. ಪಟ್ಟಿಯನ್ನು ಕಟ್ಟಲು ಒಂದು ಬೋಲ್ಟು, ಒಂದು ಗ್ಯಾಸ್ಕೆಟ್, ಒಂದು ದಿನದ ಕೂಲಿ, ಇಷ್ಟೇ ಖರ್ಚು. ಹಿಂದೆ ಹಾಕಿಸಿದ ಎರಡು ಸೆನ್ಸರುಗಳ ಹಣ ಮಾತ್ರ ಹಿಂದಿರುಗಲಿಲ್ಲ, ಬಿಲ್ಲೇ ಇರಲಿಲ್ಲವಂತೆ.

ಗ್ಯಾಸ್ ಮತ್ತು ಪೆಟ್ರೋಲ್ ಎರಡರಲ್ಲೂ ಓಡುವ ಗಾಡಿಯವರಿಗೆ ಒಂದು ಅನುಕೂಲವುಂಟು. ನಡುಕ ಗ್ಯಾಸಿನಲ್ಲಿ ಮಾತ್ರವೋ, ಎರಡರಲ್ಲೂ ಉಂಟೋ ಎಂದು ಸ್ವಿಚ್ ಬದಲಿಸಿ ನೋಡಬಹುದು. ಗ್ಯಾಸಿನಲ್ಲಿ ಮಾತ್ರವಾದರೆ ಗ್ಯಾಸ್ ಕಿಟ್ಟಿನ ರೆಡ್ಯೂಸರ್, ಇಂಜೆಕ್ಟರ್ ಮತ್ತು ಟ್ಯೂನಿಂಗ್ ಕಡೆ ನೋಡಬೇಕು. ಎರಡರಲ್ಲೂ ಇದ್ದರೆ ದೋಷ ಎರಡಕ್ಕೂ ಸಮಾನವಾದ ಕಡೆ ಇದೆ. ಆದರೆ ಒಂದು ಎಚ್ಚರ: ಗ್ಯಾಸಿಗೆ ಕಿಡಿ ಹತ್ತಲು ಹೆಚ್ಚು ವೋಲ್ಟೇಜ್ ಬೇಕು. ಸೋತ ಪ್ಲಗ್ಗು ಪೆಟ್ರೋಲಿನಲ್ಲಿ ಹೇಗೋ ದಿನ ದೂಡಿ, ಗ್ಯಾಸಿನಲ್ಲಿ ಮೊದಲು ಕೈಕೊಡುತ್ತದೆ.

ಬೇರೆ ವರ್ಷದ ಗಾಡಿಯಿಂದ ತೆಗೆದ ಎಂಜಿನ್ ಆಗಿದ್ದರೆ ಇನ್ನೊಂದು ತೊಡಕು. ಹೊರಗಿನಿಂದ ಎರಡೂ ಅವಳಿಗಳಂತೆ ಕಂಡರೂ ಹಲ್ಲುಚಕ್ರದ ಹಲ್ಲುಗಳ ಲೆಕ್ಕ ಬೇರೆಯಿರಬಹುದು, ಸೆನ್ಸರಿನ ಕಪ್ಲರಿನಲ್ಲಿ ವಯರುಗಳ ಕ್ರಮ ಬೇರೆಯಿರಬಹುದು. ಬಡಗುತಿಟ್ಟಿನ ಭಾಗವತರ ಮುಂದೆ ತೆಂಕುತಿಟ್ಟಿನ ಚೆಂಡೆ ಇಟ್ಟಂತಾಗುತ್ತದೆ. ಇಬ್ಬರೂ ವಿದ್ವಾಂಸರೇ, ಮೇಳ ಕೂಡುವುದಿಲ್ಲ. ಅಂಥ ಎಂಜಿನ್ನಿನಲ್ಲಿ ಸೆಲ್ಫ್ ತಿರುಗುತ್ತದೆ, ಕಿಡಿ ಬೀಳುವುದಿಲ್ಲ, ಇಲ್ಲವೇ ಬೀಳಬಾರದ ಹೊತ್ತಿಗೆ ಬೀಳುತ್ತದೆ. ಹಾಗಾಗಿ ನಮ್ಮ ಹಳೆಯ ಎಂಜಿನ್ನಿನ ಸೆನ್ಸರುಗಳು, ಫ್ಲೈವೀಲು, ಒಳಗಾಳಿಯ ಕೊಳವೆ ಇವನ್ನು ಹೊಸದು ಸರಿಯಾಗಿ ಓಡುವ ತನಕ ಗುಜರಿಗೆ ಹಾಕಗೊಡಬಾರದು. ಅನೇಕ ಸಲ ಮದ್ದು ಆ ಗುಜರಿಯಲ್ಲೇ ಇರುತ್ತದೆ. ಬ್ಯಾಟರಿ ಬಿಚ್ಚಿ ಕಟ್ಟಿದ ಮೇಲೆ ಕಂಪ್ಯೂಟರ್ ತಾನು ಕಲಿತದ್ದನ್ನು ಮರೆತು, ಕೆಲವು ದಿನ ಐಡ್ಲಿಂಗ್ ಏರಿಳಿಯುವುದೂ ಉಂಟು. ಅದಕ್ಕೆ ಹೆದರಬೇಕಾದ್ದಿಲ್ಲ, ನಾಲ್ಕು ದಿನ ಓಡಿದರೆ ಕಲಿಯುತ್ತದೆ.

ಎಂಜಿನ್ ಒಡೆಯುವ ಮೊದಲ ಕಾರಣದ ಬಗ್ಗೆಯೂ ಎರಡು ಮಾತು ಹೇಳದೆ ಬಿಡುವುದು ಸರಿಯಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅಂಥ ದಿನ ಮತ್ತೆ ಬಾರದಿದ್ದರೂ ಹಿಂದ್‌ಮಾತಾ, ಗಾಂಧಿ ಮಾರ್ಕೆಟ್, ಅಂಧೇರಿ ಸಬ್‌ವೇಗಳಲ್ಲಿ ನೀರು ನಿಲ್ಲುವುದು ತಪ್ಪಿಲ್ಲ. ನೀರಿನಲ್ಲಿ ಗಾಡಿ ನಿಂತರೆ ಮತ್ತೆ ಸೆಲ್ಫ್ ಹೊಡೆಯಲೇಬಾರದು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿನೊಳಗೆ ನೀರಿರುವಾಗ ಪಿಸ್ಟನ್ ಮೇಲೆದ್ದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಕೀಲಿ ತೆಗೆದು, ಗಾಡಿಯನ್ನು ತಳ್ಳಿಸಿ, ಪ್ಲಗ್ಗು ಬಿಚ್ಚಿ ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು. ವಿಮೆಯವರೂ ಈ ವಿಷಯದಲ್ಲಿ ಕಟ್ಟುನಿಟ್ಟು. ಎಂಜಿನ್ನಿಗೆ ನೀರು ನುಗ್ಗಿದ ನಷ್ಟವನ್ನು ಸಾಧಾರಣ ಪಾಲಿಸಿಯಲ್ಲಿ ಹೆಚ್ಚಾಗಿ ಕೊಡುವುದಿಲ್ಲ, ಅದಕ್ಕೆ ಬೇರೆಯ ರಕ್ಷಣೆ ಕೊಂಡಿರಬೇಕು.

ಕಡೆಯದಾಗಿ ಕಾಗದಪತ್ರದ ಮಾತು. ಎಂಜಿನ್ನಿನ ನಂಬರು ಆರ್.ಸಿ.ಯಲ್ಲಿ ಬರೆದಿರುತ್ತದೆ. ಎಂಜಿನ್ ಬದಲಾದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ ಆರ್.ಟಿ.ಒ.ಗೆ ತಿಳಿಸಿ ತಿದ್ದಿಸಬೇಕಾಗುತ್ತದೆ. ಬೇರೆ ಬಗೆಯ ಎಂಜಿನ್ ಹಾಕುವುದಾದರೆ ಮುಂಚಿತವಾಗಿಯೇ ಅನುಮತಿ ಬೇಕು. ಹಳೆಯ ಎಂಜಿನ್ ಕೊಳ್ಳುವಾಗ ಅದು ಯಾವ ಗಾಡಿಯದು, ಆ ಗಾಡಿಯ ಕಾಗದಗಳೇನಾದವು ಎಂದು ಕೇಳಿ, ಬಿಲ್ಲಿನ ಮೇಲೆ ನಂಬರು ಬರೆಸಿಕೊಳ್ಳಿ. ಬಿಲ್ಲಿಲ್ಲದ ಎಂಜಿನ್ ಎಷ್ಟು ಅಗ್ಗವಾದರೂ ಬೇಡ. ಕದ್ದ ಗಾಡಿಯದೆಂದು ನಾಳೆ ಪೋಲೀಸರು ಬಂದರೆ ಉತ್ತರ ಹೇಳಬೇಕಾದವರು ನೀವು. ದಕ್ಷಿಣ ಮುಂಬಯಿಯ ಎಂ.ಎಚ್. 01 ಗಾಡಿಗಳಿಗೆ ತಾರ್ದೇವ್, ಎಂ.ಎಚ್. 02ಕ್ಕೆ ಅಂಧೇರಿ, 03ಕ್ಕೆ ವಡಾಲಾ. ಹೊಸ ನಂಬರು ಆರ್.ಸಿ.ಯಲ್ಲಿ ಸೇರಿದ ಮೇಲೆ ಅದರ ಒಂದು ಪ್ರತಿಯನ್ನು ವಿಮೆ ಕಂಪನಿಗೆ ಕಳುಹಿಸಿ, ತಲುಪಿದ ಬಗ್ಗೆ ಉತ್ತರ ತರಿಸಿಕೊಂಡು ಗಾಡಿಯ ಕಾಗದಗಳೊಡನೆ ಇಟ್ಟುಕೊಳ್ಳಿ.